ಹಳೆ ಜೀಪಿಗೆ ಹೊಸ ಬ್ರೇಕು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದ ಹಳೆಯ ಜೀಪು. ಚಾಲಕನ ಸ್ಥಾನದಲ್ಲಿ ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ, ಪಕ್ಕದಲ್ಲಿ ಪಿಯುಸಿ ಓದುವ ಮಗಳು. ಹಿಂದೆ ಅವಳ ಹಾಸ್ಟೆಲ್ಲಿಗೆಂದು ಹೊರಟ ಟ್ರಂಕು, ಹಾಸಿಗೆ, ಉಜಿರೆಯ ನೆಂಟರ ಮನೆಗೆ ಎರಡು ಚೀಲ ಕಾಳುಮೆಣಸು, ಜತೆಗೆ ದಾರಿಯಲ್ಲಿ ಹತ್ತಿಸಿಕೊಂಡ ಮೂವರು. ಮಳೆ ನಿಂತು ಬಿಸಿಲು ಬಂದಿತ್ತು. ಇಳಿಜಾರಿನಲ್ಲಿ ಡೀಸೆಲ್ ಉಳಿಯಲಿ ಎಂದು ಅಪ್ಪ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕು ಒತ್ತುತ್ತಾ ಬಿಡುತ್ತಾ ಬರುತ್ತಿದ್ದರು.

ಐದಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಜೀಪು ನಿಲ್ಲಲಿಲ್ಲ. ಅಪ್ಪ ಗಡಬಡಿಸಿ ಎರಡನೇ ಗೇರಿಗೆ ಎಳೆದು, ಪೆಡಲನ್ನು ನಾಲ್ಕೈದು ಬಾರಿ ಪಂಪ್ ಮಾಡಿ, ಹ್ಯಾಂಡ್‌ಬ್ರೇಕು ಎಳೆದು, ಬಲಗಡೆಯ ಧರೆಗೆ ಉಜ್ಜಿಸಿ ಗಾಡಿಯನ್ನು ನಿಲ್ಲಿಸಿದರು. ಎಡಗಡೆ ಪ್ರಪಾತ. ಯಾರಿಗೂ ಏನೂ ಆಗಲಿಲ್ಲ.

ವಿಚಿತ್ರ ನಡೆದದ್ದು ಆಮೇಲೆ. ಅರ್ಧ ಗಂಟೆ ಕಾದು ಪೆಡಲ್ ಒತ್ತಿ ನೋಡಿದರೆ ಅದು ಮೊದಲಿನಂತೆಯೇ ಗಟ್ಟಿಯಾಗಿತ್ತು! ಎಲ್ಲಿಯೂ ಆಯಿಲ್ ಸೋರಿರಲಿಲ್ಲ, ಯಾವ ಭಾಗವೂ ಮುರಿದಿರಲಿಲ್ಲ.

“ಅಪ್ಪಾ, ಆಗ ಹಿಡೀದೇ ಇದ್ದ ಬ್ರೇಕು ಈಗ ಹೆಂಗೆ ಹಿಡೀತು?” ಎಂದಳು ಮಗಳು.

“ಗೊತ್ತಿಲ್ಲ ಪುಟ್ಟಿ. ಮೊದ್ಲು ಕೆಳಗೆ ಇಳಿಯಣ” ಎಂದರು ಅಪ್ಪ.

ಮಗಳು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಅವಳ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲೇ ಇದೆ, ಆದರೆ ಒಂದೇ ಪಾಠದಲ್ಲಿ ಇಲ್ಲ. ಶಕ್ತಿಯ ಸಂರಕ್ಷಣೆ, ಘರ್ಷಣೆ, ಉಷ್ಣದಿಂದ ಘನವಸ್ತುಗಳ ಹಿಗ್ಗುವಿಕೆ, ಕುದಿಯುವ ಬಿಂದು, ಪ್ಯಾಸ್ಕಲ್‌ನ ನಿಯಮ, ವಾಯುಭಾರ: ಇಷ್ಟೂ ಪಾಠಗಳು ಆ ತಿರುವಿನಲ್ಲಿ ಒಟ್ಟಾಗಿ ಪರೀಕ್ಷೆ ತೆಗೆದುಕೊಂಡಿದ್ದವು.

ಇಪ್ಪತ್ಮೂರು ಲೀಟರ್ ಕುದಿನೀರು

ಬ್ರೇಕು ಮಾಡುವ ಕೆಲಸವೇನು? ‘ಗಾಡಿಯನ್ನು ನಿಲ್ಲಿಸುವುದು’ ಎಂಬುದು ಅರ್ಧ ಉತ್ತರ ಮಾತ್ರ. ಓಡುವ ಗಾಡಿಯಲ್ಲಿ ಚಲನ ಶಕ್ತಿ ಇರುತ್ತದೆ. ಎತ್ತರದಲ್ಲಿರುವ ಗಾಡಿಯಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. ಶಕ್ತಿಯನ್ನು ನಾಶ ಮಾಡಲು ಯಾರಿಗೂ ಸಾಧ್ಯವಿಲ್ಲ, ಅದರ ರೂಪವನ್ನು ಬದಲಿಸಬಹುದು ಅಷ್ಟೆ. ಬ್ರೇಕು ಅದನ್ನು ಘರ್ಷಣೆಯ ಮೂಲಕ ಶಾಖವಾಗಿ ಬದಲಿಸುತ್ತದೆ, ಆ ಶಾಖವನ್ನು ಗಾಳಿಗೆ ಚೆಲ್ಲುತ್ತದೆ. ಬದಲಿಸುವುದು ಸುಲಭ. ಚೆಲ್ಲುವುದೇ ಕಷ್ಟ.

ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ ಜೀಪಿನ ತೂಕ 1500 ಕಿಲೋಗ್ರಾಂ ಇರಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್ ವೇಗದಲ್ಲಿ, ಅದರ ಚಲನ ಶಕ್ತಿ ಸುಮಾರು 208 ಕಿಲೋಜೂಲ್. ವೇಗವನ್ನು 30ಕ್ಕೆ ಇಳಿಸಿದರೆ ಅದು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ: 52 ಕಿಲೋಜೂಲ್. ವೇಗದ ವರ್ಗಕ್ಕೆ ತಕ್ಕಂತೆ ಚಲನ ಶಕ್ತಿ ಏರುತ್ತದೆ ಎಂಬ ಸೂತ್ರದ ಅರ್ಥ ಇದೇ.

ಈಗ ಘಾಟಿಗೆ ಬನ್ನಿ. ಅದೇ ಜೀಪು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದು ಲೆಕ್ಕಕ್ಕೆ ಹಿಡಿದರೆ, ಚೆಲ್ಲಬೇಕಾದ ಶಕ್ತಿ 1500 × 9.8 × 500, ಅಂದರೆ 7350 ಕಿಲೋಜೂಲ್. ಇದು 60 ಕಿಲೋಮೀಟರ್ ವೇಗದಲ್ಲಿ ಓಡುವ ಜೀಪನ್ನು 35 ಸಲ ನಿಲ್ಲಿಸಿದ್ದಕ್ಕೆ ಸಮ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಬಚ್ಚಲ ಹಂಡೆಯಲ್ಲಿ 23 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ! ನ್ಯೂಟ್ರಲ್‌ನಲ್ಲಿ ಇಳಿದರೆ ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ಬ್ರೇಕ್ ಡ್ರಮ್ಮುಗಳ ಮೇಲೆಯೇ ಬೀಳುತ್ತದೆ.

ಒಂದೊಂದು ಡ್ರಮ್ಮು 6 ಕಿಲೋ ಎರಕದ ಕಬ್ಬಿಣ ಎಂದುಕೊಳ್ಳಿ. ಶಾಖವೆಲ್ಲ ಅವುಗಳಲ್ಲೇ ಉಳಿದರೆ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಗಾಳಿ ತಣಿಸುತ್ತಾ ಇರುವುದರಿಂದ ವಾಸ್ತವದಲ್ಲಿ ಅಷ್ಟಕ್ಕೆ ಹೋಗುವುದಿಲ್ಲ. ಆದರೆ ಎಷ್ಟು ತಣಿಯುತ್ತದೆ ಎಂಬುದರ ಮೇಲೆಯೇ ಗಾಡಿಯೊಳಗಿನವರ ಪ್ರಾಣ ನಿಂತಿರುತ್ತದೆ.

ಡ್ರಮ್ಮಿನ ಒಳಗೆ

ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ ಸಿಜೆ-3ಬಿ ಮಾದರಿಯ ಜೀಪುಗಳನ್ನು ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿತು. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಇಂದಿಗೂ ಇವು ಕಾಣಸಿಗುತ್ತವೆ. ಇವುಗಳ ನಾಲ್ಕೂ ಚಕ್ರಗಳಲ್ಲಿ 9 ಅಂಗುಲ ವ್ಯಾಸದ ಡ್ರಮ್ ಬ್ರೇಕುಗಳು.

ಡ್ರಮ್ ಎಂದರೆ ಚಕ್ರದ ಜತೆ ತಿರುಗುವ, ಬಾಣಲೆಯಂಥ ಕಬ್ಬಿಣದ ಪಾತ್ರೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಶೂಗಳ ಮೇಲೆ ಲೈನರ್. ಪೆಡಲ್ ಒತ್ತಿದಾಗ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ.

ಇದರಲ್ಲಿ ಒಂದು ಜಾಣತನ ಇದೆ. ಮುಂದುಮುಖವಾದ ಶೂ ಡ್ರಮ್ಮಿಗೆ ತಗುಲಿದೊಡನೆ, ತಿರುಗುವ ಡ್ರಮ್ಮೇ ಅದನ್ನು ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಸುತ್ತದೆ. ತೆರೆದ ಬಾಗಿಲಿನ ಅಡಿಗೆ ಬೆಣೆ ಸಿಕ್ಕಿಕೊಂಡು, ದೂಡಿದಷ್ಟೂ ಬಿಗಿಯಾಗುವಂತೆ. ಹೀಗಾಗಿ ಕಾಲಿನ ಅಲ್ಪ ಬಲಕ್ಕೆ ದೊಡ್ಡ ಫಲ ಸಿಗುತ್ತದೆ. ಸಹಾಯಕ ಯಂತ್ರವಿಲ್ಲದ ಕಾಲದಲ್ಲಿ ಡ್ರಮ್ ಬ್ರೇಕು ಜನಪ್ರಿಯವಾದದ್ದು ಇದರಿಂದಲೇ.

ಆದರೆ ಬಿಸಿಯಾದಾಗ ಇದೇ ಜಾಣತನ ಕೈಕೊಡುತ್ತದೆ. ಲೈನರ್ ಅತಿಯಾಗಿ ಕಾದರೆ ಅದನ್ನು ಅಂಟಿಸಿ ಹಿಡಿದ ರಾಳ ಸುಡಲು ತೊಡಗಿ ಘರ್ಷಣೆ ಇಳಿಯುತ್ತದೆ. ಅಪ್ಪನ ಮೂಗಿಗೆ ಬಡಿದದ್ದು ಅದೇ ವಾಸನೆ. ಘರ್ಷಣೆ ಇಳಿದರೆ ಶೂವನ್ನು ಎಳೆದು ಬಿಗಿಸುವ ಬಲವೂ ಇಳಿಯುತ್ತದೆ. ಒಂದು ಸಲ ಅಲ್ಲ, ಎರಡು ಸಲ ನಷ್ಟ.

ಮೂರನೆಯ ನಷ್ಟ ಹಿಗ್ಗುವಿಕೆಯದು. ಉಷ್ಣತೆ 300 ಡಿಗ್ರಿ ಏರಿದರೆ 9 ಅಂಗುಲದ ಡ್ರಮ್ಮಿನ ವ್ಯಾಸ ಸುಮಾರು ಮುಕ್ಕಾಲು ಮಿಲಿಮೀಟರ್ ಹೆಚ್ಚುತ್ತದೆ. ಡ್ರಮ್ಮು ಹಿಗ್ಗುವುದು ಹೊರಮುಖವಾಗಿ, ಅಂದರೆ ಶೂಗಳಿಂದ ದೂರಕ್ಕೆ. ಅದನ್ನು ಹಿಂಬಾಲಿಸಲು ಪೆಡಲ್ ಇನ್ನಷ್ಟು ಕೆಳಗಿಳಿಯಬೇಕು.

ಇಷ್ಟಾದರೂ ಪೆಡಲ್ ಹತ್ತಿಯ ಮೂಟೆಯಂತೆ ಮೆತ್ತಗಾದದ್ದೇಕೆ, ಅರ್ಧ ಗಂಟೆಯಲ್ಲಿ ಸರಿಹೋದದ್ದೇಕೆ ಎಂಬುದಕ್ಕೆ ಉತ್ತರ ಇನ್ನೂ ಸಿಗಲಿಲ್ಲ. ಆ ಅಪರಾಧಿ ಇರುವುದು ಆಯಿಲ್ ಡಬ್ಬಿಯಲ್ಲಿ.

ಆಯಿಲ್ ಕುಡಿದ ನೀರು

ಗ್ಯಾರೇಜಿನವರು ‘ಬ್ರೇಕ್ ಆಯಿಲ್’ ಎಂದು ಕರೆಯುವ ದ್ರವ ನಿಜಕ್ಕೂ ಎಣ್ಣೆಯಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ಜಾತಿಯ ರಾಸಾಯನಿಕ. ಡಾಟ್-3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್-4 ದರ್ಜೆಗೆ ಈ ಅಂಕಿಗಳು 230 ಮತ್ತು 155. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವೇ? ನಾಲ್ಕೈದು ವರ್ಷ ಬದಲಿಸದ ಆಯಿಲ್ ಎಷ್ಟು ನೀರು ಕುಡಿದಿರುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

ದ್ರವವನ್ನು ಅದುಮಿ ಕಿರಿದು ಮಾಡಲು ಬಹುಮಟ್ಟಿಗೆ ಆಗುವುದಿಲ್ಲ. ಕಾಲಿನ ಒತ್ತಡ ಚಕ್ರಕ್ಕೆ ತಲುಪುವುದು ಈ ಗುಣದಿಂದಲೇ. ಆದರೆ ವೀಲ್ ಸಿಲಿಂಡರಿನಲ್ಲಿ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ? ಆವಿಯನ್ನು ಅದುಮಬಹುದು. ಪೆಡಲ್ ಒತ್ತಿದ ಶ್ರಮವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯುತ್ತದೆ, ಶೂಗೆ ಏನೂ ಉಳಿಯುವುದಿಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಮಗಳ ಪ್ರಶ್ನೆಗೆ ಉತ್ತರ ಇದು. ಸಾಕ್ಷ್ಯವನ್ನು ತಾನೇ ಅಳಿಸಿಹಾಕುವ ಅಪರಾಧಿ ಇವನು. ‘ಈಗ ಸರಿಯಾಗಿದೆಯಲ್ಲ’ ಎಂದು ಜನ ಮತ್ತೆ ಹಾಗೆಯೇ ಓಡಿಸುತ್ತಾರೆ.

ಮುಂದಿನ ಚಕ್ರಕ್ಕೇ ಏಕೆ?

ಮರುವಾರ ಜೀಪು ಗ್ಯಾರೇಜಿಗೆ ಹೋಯಿತು. ಮೂಲದಲ್ಲಿ ಪೆಟ್ರೋಲ್ ಎಂಜಿನ್ ಇದ್ದ ಗಾಡಿ ಅದು. ತೋಟದ ಹೊರೆ ಎಳೆಯಲೆಂದು ಹಿಂದೆ ಎಂದೋ ಹೆಚ್ಚು ತೂಕದ ಡೀಸೆಲ್ ಎಂಜಿನ್ ಕೂರಿಸಿ, ಅದನ್ನು ಆರ್‌ಸಿ ಪುಸ್ತಕದಲ್ಲೂ ಬರೆಸಿದ್ದರು. ಬ್ರೇಕು ಮಾತ್ರ ಹಳೆಯದೇ. ಮೇಸ್ತ್ರಿ ಚಕ್ರ ಬಿಚ್ಚಿ ನೋಡಿ ಹೇಳಿದ್ದು ಒಂದೇ ಮಾತು: “ಗೌಡ್ರೇ, ಓಡ್ಸಕ್ಕೆ ದುಡ್ಡು ಹಾಕಿದ್ರಿ. ನಿಲ್ಸಕ್ಕೆ ಹಾಕ್ಲಿಲ್ಲ ನೋಡಿ.”

ಮುಂದಿನ ಎರಡು ಚಕ್ರಗಳಿಗೆ ಡ್ರಮ್ ತೆಗೆದು ಡಿಸ್ಕ್ ಬ್ರೇಕು ಹಾಕಿಸಬಹುದು ಎಂಬುದು ಮೇಸ್ತ್ರಿಯ ಸಲಹೆ. ಹಿಂದಿನ ಎರಡಕ್ಕೆ ಏಕೆ ಬೇಡ?

ಬಸ್ಸು ಗಕ್ಕನೆ ನಿಂತರೆ ನಿಂತಿದ್ದವರು ಮುಂದಕ್ಕೆ ವಾಲುತ್ತಾರೆ. ಗಾಡಿಯ ತೂಕವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಈ ಜೀಪಿನ ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವಿನ ಅಂತರ 80 ಅಂಗುಲ, ಅಂದರೆ 203 ಸೆಂಟಿಮೀಟರ್. ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ, ನಿಂತಾಗ ಎರಡೂ ಅಚ್ಚುಗಳ ಮೇಲೆ 750 ಕಿಲೋ ಸಮನಾಗಿ ಇದೆ ಎಂದುಕೊಳ್ಳಿ. ಸೆಕೆಂಡಿಗೆ 6 ಮೀಟರ್‌ನಂತೆ ವೇಗ ಇಳಿಸುವಷ್ಟು ಜೋರಾಗಿ ಬ್ರೇಕು ಹಾಕಿದರೆ ಹಿಂದಿನಿಂದ ಮುಂದಕ್ಕೆ ಸುಮಾರು 315 ಕಿಲೋ ಭಾರ ಸರಿಯುತ್ತದೆ. ಆಗ ಮುಂದೆ 1065, ಹಿಂದೆ 435. ನೂರಕ್ಕೆ ಎಪ್ಪತ್ತು ಪಾಲು ಭಾರ ಮುಂದಿನ ಚಕ್ರಗಳ ಮೇಲೆ! ಘಾಟಿಯ ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು.

ಭಾರ ಹೆಚ್ಚಿದ್ದಲ್ಲಿ ಟೈರಿನ ಹಿಡಿತ ಹೆಚ್ಚು. ಹಿಡಿತ ಹೆಚ್ಚಿದ್ದಲ್ಲಿ ಬ್ರೇಕಿನ ಕೆಲಸವೂ ಹೆಚ್ಚು. ಹಗುರವಾದ ಹಿಂದಿನ ಚಕ್ರಗಳಿಗೆ ಅತಿಯಾದ ಬ್ರೇಕು ಕೊಟ್ಟರೆ ಅವು ಮೊದಲು ಸ್ತಂಭಿಸಿ ಜಾರುತ್ತವೆ, ಗಾಡಿ ಬುಗುರಿಯಂತೆ ಅಡ್ಡ ತಿರುಗುತ್ತದೆ. ಆದ್ದರಿಂದ ಹಿಂದೆ ಡ್ರಮ್ಮೇ ಇರಲಿ, ಮುಂದೆ ಡಿಸ್ಕ್ ಬರಲಿ ಎಂಬುದು ಸರಿಯಾದ ಲೆಕ್ಕ.

ತೆರೆದ ಬ್ರೇಕು

ಡಿಸ್ಕ್ ಬ್ರೇಕು ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಒಳ್ಳೆಯ ಲೈನರ್ ಸಿಗದೆ ಅದು ಆಗ ಮೂಲೆಗುಂಪಾಯಿತು. ಮುಂದೆ ವಿಮಾನಗಳಲ್ಲಿ, ರೇಸ್ ಕಾರುಗಳಲ್ಲಿ ಅದರ ಬೆಲೆ ತಿಳಿಯಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಸ್ಪರ್ಧೆಯನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. ವೇಗವಾಗಿ ಓಡಿದ್ದಷ್ಟೇ ಆ ಗೆಲುವಿನ ಗುಟ್ಟಲ್ಲ. ಪ್ರತಿ ಸುತ್ತಿನಲ್ಲೂ ತಡವಾಗಿ ಬ್ರೇಕು ಹಾಕಿದರೂ ಅದು ಸೋಲಲಿಲ್ಲ. ಅಮೆರಿಕದ ಸಿಜೆ ಜೀಪುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ.

ಇದರ ರಚನೆ ಸರಳ. ಚಕ್ರದ ಜತೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್. ಕ್ಯಾಲಿಪರಿನೊಳಗೆ ಎರಡು ಪ್ಯಾಡ್. ಸೈಕಲ್ಲಿನ ರಿಮ್ಮನ್ನು ರಬ್ಬರ್ ಬ್ರೇಕು ಹಿಡಿಯುವುದು ಇದೇ ತತ್ವದಿಂದ.

ಡಿಸ್ಕ್ ‘ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ’ ಎಂದು ಅನೇಕರು ತಿಳಿದಿದ್ದಾರೆ. ಅದರ ನಿಜವಾದ ಗುಣ ಬೇರೆ. ತಟ್ಟೆಯ ಬಹುಭಾಗ ಗಾಳಿಗೆ ತೆರೆದಿರುವುದರಿಂದ ಶಾಖ ಬೇಗ ಚೆಲ್ಲಿಹೋಗುತ್ತದೆ. ಕಾದಾಗ ತಟ್ಟೆ ದಪ್ಪವಾಗುತ್ತದೆ, ಅಂದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ದೂರಕ್ಕಲ್ಲ. ಹಳ್ಳ ದಾಟಿದಾಗ ನೀರು ಡ್ರಮ್ಮಿನಂತೆ ಒಳಗೆ ನಿಲ್ಲುವುದಿಲ್ಲ. ತಟ್ಟೆ ತಿರುಗುವಾಗ ಸಿಡಿದುಹೋಗುತ್ತದೆ, ಉಳಿದದ್ದನ್ನು ಪ್ಯಾಡ್ ಒರೆಸುತ್ತದೆ. ಎಡ-ಬಲ ಚಕ್ರಗಳು ಸಮನಾಗಿ ಹಿಡಿಯುವುದರಿಂದ ಗಾಡಿ ಒಂದು ಪಕ್ಕಕ್ಕೆ ಎಳೆಯುವುದೂ ಕಡಿಮೆ.

ದೋಷಗಳೂ ಇವೆ. ಕೆಸರು, ಮರಳು ನೇರವಾಗಿ ಪ್ಯಾಡಿಗೆ ತಗಲುವುದರಿಂದ ಅದು ಬೇಗ ಸವೆಯಬಹುದು. ಡ್ರಮ್ಮಿನಲ್ಲಿದ್ದ ‘ತಾನೇ ಎಳೆದುಕೊಳ್ಳುವ’ ಗುಣ ಡಿಸ್ಕಿಗೆ ಇಲ್ಲ. ಆ ಬಲವನ್ನು ಬೇರೆಡೆಯಿಂದ ತರಬೇಕು. ಇಲ್ಲಿಂದಲೇ ಶುರುವಾಗುತ್ತದೆ ಸರಪಣಿ ಕೆಲಸ.

ಒಂದನ್ನು ಬದಲಿಸಿದರೆ ನಾಲ್ಕು

ಕಾಲು ಪೆಡಲಿನ ಮೇಲೆ 30 ಕಿಲೋ ಬಲ ಹಾಕಿದೆ ಎನ್ನಿ. ಪೆಡಲಿನ ಸನ್ನೆ ಅದನ್ನು ಆರು ಪಟ್ಟು ಮಾಡಿ 180 ಕಿಲೋ ಆಗಿಸುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ವಿಸ್ತೀರ್ಣ 5 ಚದರ ಸೆಂಟಿಮೀಟರ್ ಆದರೆ, ಆಯಿಲಿನಲ್ಲಿ ಉಂಟಾಗುವ ಒತ್ತಡ ಚದರ ಸೆಂಟಿಮೀಟರಿಗೆ 36 ಕಿಲೋ. ಪ್ಯಾಸ್ಕಲ್‌ನ ನಿಯಮದಂತೆ ಈ ಒತ್ತಡ ಎಲ್ಲ ಕಡೆಗೂ ಕುಂದಿಲ್ಲದೆ ತಲುಪುತ್ತದೆ. ಡ್ರಮ್ಮಿನ 5 ಚದರ ಸೆಂಟಿಮೀಟರಿನ ಪಿಸ್ಟನ್ನು ಶೂವನ್ನು 180 ಕಿಲೋ ಬಲದಿಂದ ತಳ್ಳಿದರೆ, ಕ್ಯಾಲಿಪರಿನ 20 ಚದರ ಸೆಂಟಿಮೀಟರಿನ ಪಿಸ್ಟನ್ನು ಪ್ಯಾಡನ್ನು 720 ಕಿಲೋ ಬಲದಿಂದ ಒತ್ತುತ್ತದೆ. ಕಳೆದುಕೊಂಡ ಬಲ ಹೀಗೆ ಹಿಂದೆ ಬರುತ್ತದೆ.

ಆದರೆ ಪ್ರಕೃತಿಯಲ್ಲಿ ಬಿಟ್ಟಿ ಏನೂ ಸಿಗುವುದಿಲ್ಲ. ದೊಡ್ಡ ಪಿಸ್ಟನ್ನು ಅರ್ಧ ಮಿಲಿಮೀಟರ್ ಸರಿಯಬೇಕಾದರೆ 1 ಮಿಲಿಲೀಟರ್ ಆಯಿಲ್ ಬೇಕು. ಎರಡು ಚಕ್ರಕ್ಕೆ 2 ಮಿಲಿಲೀಟರ್. ಅಷ್ಟನ್ನು ಕಳಿಸಲು ಮಾಸ್ಟರ್ ಪಿಸ್ಟನ್ನು 4 ಮಿಲಿಮೀಟರ್, ಕಾಲು 24 ಮಿಲಿಮೀಟರ್ ಸರಿಯಬೇಕು. ಹಿಂದಿನ ಡ್ರಮ್ಮುಗಳ ಪಾಲು ಬೇರೆ. ಹಳೆಯ ಮಾಸ್ಟರ್ ಸಿಲಿಂಡರ್ ಚಿಕ್ಕದಾದರೆ ಪೆಡಲ್ ನೆಲ ಮುಟ್ಟುತ್ತದೆ. ಬಹಳ ದೊಡ್ಡದನ್ನು ಹಾಕಿದರೆ ಒತ್ತಡ ಇಳಿದು ಪೆಡಲ್ ಕಲ್ಲಿನಂತಾಗುತ್ತದೆ. ಕ್ಯಾಲಿಪರಿಗೆ ಹೊಂದುವ ಮಾಸ್ಟರ್ ಸಿಲಿಂಡರನ್ನೇ ಹಾಕಬೇಕು.

ಮಾಸ್ಟರ್ ಸಿಲಿಂಡರ್ ಬದಲಿಸುವಾಗ ಜೋಡಿ ಕೋಣೆಯದನ್ನೇ ಆರಿಸಬೇಕು. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಕೊಳವೆ ಜಾಲ. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕು ಮಾಯ. ಜೋಡಿ ಕೋಣೆಯದರಲ್ಲಿ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು.

ಇನ್ನೊಂದು ಸೂಕ್ಷ್ಮ. ಡ್ರಮ್ಮಿನ ಹಳೆಯ ವ್ಯವಸ್ಥೆಯಲ್ಲಿ ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಅಲ್ಪ ಒತ್ತಡ ಉಳಿಸುವ ಚಿಕ್ಕ ಕವಾಟ ಇರುತ್ತದೆ. ಅದನ್ನು ಡಿಸ್ಕಿನ ಕೊಳವೆಯಲ್ಲಿ ಹಾಗೆಯೇ ಬಿಟ್ಟರೆ ಪ್ಯಾಡು ಸದಾ ತಟ್ಟೆಯನ್ನು ಸವರುತ್ತಾ ಕಾಯುತ್ತದೆ. ಇತ್ತ ಸಿಜೆ-3ಬಿಯಲ್ಲಿ ಮಾಸ್ಟರ್ ಸಿಲಿಂಡರ್ ಕಾಲಿನ ಹಲಗೆಯ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಇರುವುದರಿಂದ, ಕವಾಟವೇ ಇಲ್ಲದಿದ್ದರೆ ಆಯಿಲ್ ಹಿಂದಕ್ಕೆ ಇಳಿಯಬಹುದು. ಅದಕ್ಕೆ ಇನ್ನೂ ಕಡಿಮೆ ಒತ್ತಡದ ಬೇರೆ ಕವಾಟ ಬೇಕು. ಹಲವರು ಮಾಸ್ಟರ್ ಸಿಲಿಂಡರನ್ನೇ ಬಾನೆಟ್ಟಿನೊಳಗೆ ಮೇಲಕ್ಕೆ ತರುತ್ತಾರೆ.

ಗಾಳಿಯೇ ಸಹಾಯಕ

ಕಾಲಿಗೆ ನೆರವಾಗುವ ಬೂಸ್ಟರ್ ಒಂದು ಚಪ್ಪಟೆ ಡಬ್ಬಿ. ಮಧ್ಯದಲ್ಲಿ ರಬ್ಬರ್ ಪರದೆ. ಅದರ ಒಂದು ಬದಿಯಲ್ಲಿ ಗಾಳಿಯನ್ನು ಹೀರಿ ತೆಗೆದಿರುತ್ತದೆ. ಪೆಡಲ್ ಒತ್ತಿದೊಡನೆ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. 9 ಅಂಗುಲ ವ್ಯಾಸದ ಪರದೆಯ ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. ಒಳಗಿನ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತೆಗೆದಿದ್ದರೂ ಸುಮಾರು 280 ಕಿಲೋ ಬಲ ಸಿಗುತ್ತದೆ. ನಮ್ಮ ಸುತ್ತಲಿನ ಗಾಳಿ ಇಷ್ಟು ಬಲಶಾಲಿ!

ಪೆಟ್ರೋಲ್ ಎಂಜಿನ್ ಉಸಿರೆಳೆಯುವ ದಾರಿಯಲ್ಲಿ ಥ್ರಾಟಲ್ ಬಾಗಿಲು ಇರುವುದರಿಂದ ಅಲ್ಲಿ ನಿರ್ವಾತ ತಾನಾಗಿ ಸಿಗುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿಗೆ ಆ ಬಾಗಿಲು ಇಲ್ಲ. ಆದ್ದರಿಂದ ಡೀಸೆಲ್ ಜೀಪಿಗೆ ಬೂಸ್ಟರ್ ಹಾಕಿದರೆ ನಿರ್ವಾತದ ಪಂಪೂ ಬೇಕು. ಅನೇಕ ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಜೋಡಿಸಿರುತ್ತದೆ.

ಇದರಲ್ಲಿ ಒಂದು ಎಚ್ಚರಿಕೆ ಅಡಗಿದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಡಬ್ಬಿಯಲ್ಲಿ ಉಳಿದ ನಿರ್ವಾತ ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಕಾಲಿನ ಬಲ ಒಂದೇ ಗತಿ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಗಾಡಿ ಬಿಡುವವರು ಇದನ್ನು ನೆನಪಿಡಬೇಕು.

ಹಣ ಹಾಕುವ ಮೊದಲು

ಡಿಸ್ಕ್ ಹಾಕಿಸುವ ಮೊದಲು ಹಳೆಯ ಬ್ರೇಕು ನಿಜಕ್ಕೂ ದುರ್ಬಲವೇ, ಅಥವಾ ಅಲಕ್ಷ್ಯಕ್ಕೆ ಒಳಗಾಗಿದೆಯೇ ಎಂದು ನೋಡಬೇಕು. ವೀಲ್ ಸಿಲಿಂಡರ್ ಸೋರಿ ಲೈನರ್ ನೆನೆದಿರಬಹುದು. ಮುಂದಿನ ಅಚ್ಚಿನ ಸೀಲು ಹೋಗಿ ಗ್ರೀಸು ಒಳಗೆ ಬಂದಿರಬಹುದು. ಡ್ರಮ್ಮು ಅಂಡಾಕಾರವಾಗಿ ಸವೆದಿರಬಹುದು. ಶೂಗಳ ಅಡ್ಜಸ್ಟ್ ತಪ್ಪಿರಬಹುದು. ತೋಟದೊಳಗೇ ಓಡಾಡುವ ಗಾಡಿಗೆ ಇವನ್ನು ಸರಿಪಡಿಸಿ ಆಯಿಲ್ ಬದಲಿಸಿದರೆ ಸಾಕಾಗಬಹುದು.

ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಯ ಮಾತು ಬೇರೆ. ಅಂಥ ಗಾಡಿಗೆ ಡಿಸ್ಕ್ ಹಾಕುವುದೇ ಆದರೆ ಹಬ್, ನಕಲ್, ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ ಎಲ್ಲವೂ ಒಂದಕ್ಕೊಂದು ಹೊಂದುವ ಜೋಡಣೆ ಆಗಿರಬೇಕು. ಗುಜರಿಯಿಂದ ತಂದ ತುಂಡುಗಳನ್ನು ವೆಲ್ಡಿಂಗ್ ಮಾಡಿ ಸೇರಿಸುವುದು ಸಲ್ಲದು. ನಿಲ್ಲಿಸುವ ಬಲವಷ್ಟೂ ಆ ಬ್ರಾಕೆಟ್ ಮೇಲೆ ಬೀಳುತ್ತದೆ. ಕ್ಯಾಲಿಪರ್ ರಿಮ್ಮಿನ ಒಳಮೈಗೆ ತಾಗದೆ ತಿರುಗುತ್ತದೆಯೇ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರಬ್ಬರ್ ಹೌಸು ಎಳೆಯುತ್ತದೆಯೇ ಎಂದು ನೋಡಬೇಕು. ಆಯಿಲ್ ಪೂರ್ತಿ ಬದಲಿಸಿ, ಏರ್ ತೆಗೆಯಬೇಕು. ಡಿಸ್ಕಿನ ಬಿಸಿ ಪಿಸ್ಟನ್ನಿನ ಮೂಲಕ ನೇರ ಆಯಿಲಿಗೇ ತಲುಪುವುದರಿಂದ, ನೀರು ಕುಡಿದ ಹಳೆ ಆಯಿಲ್ ಉಳಿಸಿಕೊಂಡರೆ ಹೊಸ ಬ್ರೇಕೂ ಅದೇ ತಿರುವಿನಲ್ಲಿ ಕೈಕೊಡುತ್ತದೆ. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ ಸುರಿದರಂತೂ ರಬ್ಬರ್ ಸೀಲುಗಳು ಊದಿಕೊಂಡು ಎಲ್ಲವೂ ಹಾಳು.

ಬಿಚ್ಚುವಾಗಲೂ ಎಚ್ಚರ ಬೇಕು. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗಾಳಿ ಹೊಡೆದು ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳು ಹತ್ತಿರ ಇರಬಾರದು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ಗಾಡಿಯ ಮೂಲ ವಿವರಗಳು ಬದಲಾಗುವಂಥ ಮಾರ್ಪಾಟುಗಳನ್ನು ನಿರ್ಬಂಧಿಸುತ್ತದೆ. ಕೆಲಸಕ್ಕೆ ಕೈಹಚ್ಚುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು, ವಿಮಾ ಕಂಪನಿಗೆ ತಿಳಿಸುವುದು ಕ್ಷೇಮ.

ಮತ್ತೆ ಅದೇ ತಿರುವು

ದಸರಾ ರಜೆ ಮುಗಿಸಿ ಮಗಳು ಮರಳಿ ಉಜಿರೆಗೆ ಹೊರಟಾಗ ಜೀಪಿನ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಇತ್ತು. ಮೇಸ್ತ್ರಿ ಮೊದಲು ಖಾಲಿ ಮೈದಾನದಲ್ಲಿ, ಆಮೇಲೆ ಸಣ್ಣ ಇಳಿಜಾರಿನಲ್ಲಿ ಓಡಿಸಿ ನೋಡಿದ್ದರು. ಗಾಡಿ ಕೊಡುವಾಗ ಅವರು ಹೇಳಿದ ಮಾತು ಇದು: “ಡಿಸ್ಕ್ ಹಾಕಿದೀನಿ ಅಂತ ನ್ಯೂಟ್ರಲ್ ಮಾಡ್ಬೇಡಿ ಗೌಡ್ರೇ. ಹತ್ತೋ ಗೇರಲ್ಲೇ ಇಳೀರಿ.”

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಘಾಟಿ ಚಾಲಕರ ಹಳೆಯ ಸೂತ್ರ. ಗೇರಿನಲ್ಲಿದ್ದಾಗ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಅದರ ತಡೆಯಲ್ಲಿ ಶಕ್ತಿಯ ದೊಡ್ಡ ಪಾಲು ಕಳೆಯುತ್ತದೆ. ಆ 23 ಲೀಟರ್ ಕುದಿನೀರಿನಲ್ಲಿ ಎಷ್ಟನ್ನು ಎಂಜಿನ್ ಹೊತ್ತರೆ ಅಷ್ಟು ಬ್ರೇಕಿಗೆ ಹಗುರ. ಪೆಡಲ್ ಮೇಲೆ ಸದಾ ಕಾಲಿಟ್ಟು ಸವರುತ್ತಾ ಇಳಿಯುವ ಬದಲು, ಒಮ್ಮೆ ದೃಢವಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟುಬಿಡಬೇಕು. ಬಿಟ್ಟ ಹೊತ್ತಿನಲ್ಲಿ ತಟ್ಟೆ ತಣಿಯುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ ಕಾಯಬೇಕು. ಬಿಸಿ ಡ್ರಮ್ಮಿಗೆ ನೀರು ಸುರಿಯಬಾರದು, ಅದು ಬಿರಿಯಬಹುದು.

ಆ ತಿರುವಿನಲ್ಲಿ ಜೀಪು ಎರಡನೇ ಗೇರಿನಲ್ಲಿ ಗುರುಗುಟ್ಟುತ್ತಾ ಇಳಿಯಿತು. ಬಲಗಡೆಯ ಧರೆಯಲ್ಲಿ ಹಿಂದಿನ ಸಲ ಉಜ್ಜಿದ ಗುರುತು ಮಳೆಗೆ ಅರ್ಧ ಅಳಿಸಿತ್ತು, ಅದರ ಮೇಲೆ ಜರಿಗಿಡ ಚಿಗುರಿತ್ತು.

“ಅಪ್ಪಾ, ಡೀಸೆಲ್ ಜಾಸ್ತಿ ಹೋಗುತ್ತಾ ಹಿಂಗೆ ಇಳಿದ್ರೆ?” ಎಂದು ಕೇಳಿದಳು ಮಗಳು.

“ಹೋದ್ರೆ ಹೋಗ್ಲಿ ಬಿಡು” ಎಂದರು ಅಪ್ಪ.

ಮಾಡಿ ನೋಡಿ

ಬೇಕಾದ ಸಾಮಗ್ರಿ: ಸೂಜಿ ತೆಗೆದ ಎರಡು ಹೊಸ ಸಿರಿಂಜುಗಳು (ಒಂದು ಚಿಕ್ಕದು, ಒಂದು ದೊಡ್ಡದು), ಅವಕ್ಕೆ ಹೊಂದುವ ಒಂದು ಅಡಿ ಉದ್ದದ ಪ್ಲಾಸ್ಟಿಕ್ ನಳಿಗೆ, ನೀರು.

1. ಸಿರಿಂಜುಗಳಿಗೆ, ನಳಿಗೆಗೆ ನೀರು ತುಂಬಿ, ಗುಳ್ಳೆ ಉಳಿಯದಂತೆ ಜೋಡಿಸಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಯಾರಿಗೆ ಹೆಚ್ಚು ಶ್ರಮ? ಯಾವ ಪಿಸ್ಟನ್ನು ಹೆಚ್ಚು ದೂರ ಸರಿಯಿತು?

2. ಈಗ ನಳಿಗೆಯಲ್ಲಿ ಬೇಕೆಂದೇ ಎರಡು ಅಂಗುಲದಷ್ಟು ಗಾಳಿ ಉಳಿಸಿ ಮತ್ತೆ ಜೋಡಿಸಿ. ದೊಡ್ಡದನ್ನು ಗೆಳೆಯ ಗಟ್ಟಿಯಾಗಿ ಹಿಡಿದಿರಲಿ. ಚಿಕ್ಕದನ್ನು ಒತ್ತಿದಾಗ ಬೆರಳಿಗೆ ಏನನ್ನಿಸಿತು?

ಬೆರಳಿಗೆ ತಿಳಿದ ಆ ಮೆತ್ತನೆಯ ಭಾವವನ್ನು ನೆನಪಿಟ್ಟುಕೊಳ್ಳಿ. ಮನೆಯ ಗಾಡಿಯ ಬ್ರೇಕ್ ಆಯಿಲನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಇಂದೇ ಅಪ್ಪ ಅಮ್ಮನನ್ನು ಕೇಳಿ.